ಋತ್ವಿಕನ ಎಡ ಮೊಣಕಾಲು

ಗ್ಯಾರೇಜಿನಲ್ಲಿ ಮೊಟ್ಟೆ ಬೇಯುತ್ತಿತ್ತು. ಜಯತೀರ್ಥ ಹಳೆಯ ಪಂಚೆ ಸುತ್ತಿಕೊಂಡು, ಕಾರಿಗೆ ಒರಗಿ, ನೀರು ಕುದಿಯುವುದನ್ನು ಕಾಯುತ್ತಿದ್ದರು. ಡಾಲಸ್ಸಿನ ಹತ್ತಿರದ ಮರ್ಫಿಯ ಆ ಮನೆಯ ಅಡಿಗೆಮನೆಗೆ ಮೊಟ್ಟೆ ಎಂದೂ ಬಂದಿರಲಿಲ್ಲ. ಮಗ ಋತ್ವಿಕ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದ ವರ್ಷ, ಹುಡುಗನ ಎತ್ತರಕ್ಕೆ ತೂಕ ಸಾಲದು, ಮೊಟ್ಟೆಯನ್ನಾದರೂ ಕೊಡಿ ಎಂದು ಕೋಚು ಹೇಳಿ ಕಳಿಸಿದ್ದ. "ನನ್ನ ಒಲೀ ಮ್ಯಾಲೆ ಅದನ್ನ ಇಡಬ್ಯಾಡ್ರಿ" ಎಂದಿದ್ದರು ಹೆಂಡತಿ ಗೋದಾವರಿ. ಮಾರನೆಯ ದಿನ ಜಯತೀರ್ಥ ಗ್ಯಾರೇಜಿನಲ್ಲಿ ಒಂದು ಕರೆಂಟಿನ ಒಲೆ, ಒಂದು ಪಾತ್ರೆ, ಒಂದು ಚಮಚ ತಂದಿಟ್ಟರು. ಧಾರವಾಡದಲ್ಲಿ ಸಂಧ್ಯಾವಂದನೆ ತಪ್ಪಿಸದೆ ಬೆಳೆದ ಮನುಷ್ಯ ಅಂದಿನಿಂದ ಬೆಳಗಾದರೆ ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಮಗನಿಗೆ ಕೊಟ್ಟು, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದರು.

ಆ ಮಗನಿಗೆ ಈಗ ಮೂವತ್ತನಾಲ್ಕು. ಆಸ್ಟಿನ್ನಿನಲ್ಲಿ ಕಾಲೇಜು ತಂಡಕ್ಕೆ ಆಡಿದ. ಹ್ಯೂಸ್ಟನ್ನಿನ ದೊಡ್ಡ ತಂಡ ಎರಡು ಸಲ ಹತ್ತು ಹತ್ತು ದಿನದ ಕರಾರಿನ ಮೇಲೆ ಅವನನ್ನು ಕರೆದು, ಆಮೇಲೆ ಆ ಋತು ಮುಗಿಯುವವರೆಗೆ ಇಟ್ಟುಕೊಂಡು ಬೆಂಚಿನಲ್ಲೇ ಕೂರಿಸಿ, ಬಿಟ್ಟುಬಿಟ್ಟಿತು. ಆಮೇಲೆ ಟರ್ಕಿ, ಲಿಥುವೇನಿಯಾ, ಫಿಲಿಪೀನ್ಸ್. ಹೋದ ವರ್ಷ, ಇನ್ನು ಆಡುವುದಿಲ್ಲ ಎಂದು ಅವನೇ ಹೇಳಿದ. ಡಾಲಸ್ಸಿನ ಕನ್ನಡ ಸಂಘದವರು ವೇದಿಕೆಗೆ ಕರೆದು ಸನ್ಮಾನ ಮಾಡಿದರು. ಮೈಸೂರು ಪೇಟ ತೊಡಿಸಲು ಅಧ್ಯಕ್ಷರು ಕುರ್ಚಿ ಹತ್ತಬೇಕಾಯಿತು. ಜನ ನಕ್ಕರು, ಅವನೂ ನಕ್ಕ. ಹೆಂಡತಿ ಸುಚೇತಾ, ಮಗಳು ಸಿಯಾ ಇದ್ದ, ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನ ಮನೆಗೆ ಹೋಗಿ ಕೆಲವು ತಿಂಗಳು ಇದ್ದ.

ಯುಗಾದಿಯ ಹೊತ್ತಿಗೆ ಜಯತೀರ್ಥ ಫೋನು ಮಾಡಿದರು. ಕೊಲ್ಲಿ ರಾಷ್ಟ್ರದ ಯಾವುದೋ ತಂಡ ಅನುಭವಸ್ಥರನ್ನು ಹುಡುಕುತ್ತಿದೆ, ಜೂನಿನ ಮೊದಲ ವಾರ ಹ್ಯೂಸ್ಟನ್ನಿನಲ್ಲಿ ಆಯ್ಕೆಯ ಕ್ಯಾಂಪು ಇದೆ. "ಇನ್ನೊಂದ ವರ್ಷ ಆಡು. ಬೆಂಚಿನ ಮ್ಯಾಲೆ ಕೂತು ಮುಗಸಬ್ಯಾಡ." ಋತ್ವಿಕ ಒಂದು ದಿನ ಯೋಚಿಸಿ, ಬ್ಯಾಗು ತುಂಬಿಕೊಂಡು ಮರ್ಫಿಗೆ ಬಂದ. ಗ್ಯಾರೇಜಿನ ಒಲೆಯ ಧೂಳು ಒರೆಸಲಾಯಿತು.

"ಅಪ್ಪಾ, ಎರಡ ಸಾಕು" ಎಂದ ಋತ್ವಿಕ, ಗ್ಯಾರೇಜಿನ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು.

"ನಾಕ ತಿನ್ನು. ಬಿಳೀದಷ್ಟೇ ತಿನ್ನು ಬೇಕಾದ್ರ."

"ನೀವು ಒಂದ ರುಚಿ ನೋಡ್ರಿ, ಎಷ್ಟ ವರ್ಷ ಆತು ಬೇಯಿಸಿ."

"ನಿನ್ನ ಹೊಟ್ಟೀಗೆ ಹೋದ್ರ ನನಗ ಹೋದಂಗ" ಎಂದು ಜಯತೀರ್ಥ ಇನ್ನೊಂದು ಮೊಟ್ಟೆಯನ್ನು ಒಲೆಯ ಅಂಚಿಗೆ ತಟ್ಟಿದರು.

*

ಏಪ್ರಿಲ್ ಕೊನೆಯ ಶುಕ್ರವಾರ ಸುಚೇತಾ ಸಿಯಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಸೀಡರ್ ಪಾರ್ಕಿನಿಂದ ಬಂದಳು. ಅವಳು ಮೈಸೂರಿನವರ ಮಗಳು. ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಕೆಲಸ. ಗೋದಾವರಿ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿದ್ದರು.

"ಇನ್ನೊಂದ ಹಾಕ್ಲೇನು?"

"ಸಾಕು ಅತ್ತೆ."

"ಅಷ್ಟ ದೂರ ಡ್ರೈವ್ ಮಾಡಿ ಬಂದೀ. ಸಾಕಂದ್ರ ಹ್ಯಾಂಗ?" ಎಂದು ಅರ್ಧ ರೊಟ್ಟಿ ಹಾಕಿಯೇಬಿಟ್ಟರು.

ಸುಚೇತಾ ಅದನ್ನು ಮುರಿಯುತ್ತ ಹೇಳಿದಳು: "ಸ್ಕೂಲಿನವರು ಮತ್ತೆ ಮೇಲ್ ಮಾಡಿದ್ದಾರೆ. ಮೇ ಮುಗಿಯೋದ್ರೊಳಗೆ ಉತ್ತರ ಬೇಕಂತೆ."

"ಯಾವ ಸ್ಕೂಲು?" ಎಂದರು ಜಯತೀರ್ಥ.

"ನಮ್ಮ ಮನೆ ಹತ್ತಿರದ್ದು ಮಾವ. ಪಿ.ಇ. ಟೀಚರ್ ಕೆಲಸ. ಜೊತೆಗೆ ಹುಡುಗಿಯರ ತಂಡಕ್ಕೆ ಕೋಚು. ಇವನನ್ನೇ ಬೇಕು ಅಂತಿದ್ದಾರೆ."

"ಪಿ.ಟಿ. ಮಾಸ್ತರ." ಜಯತೀರ್ಥ ಶೇಂಗಾ ಚಟ್ನಿಗೆ ಮೊಸರು ಕಲಸಿಕೊಂಡರು. "ಸೀಟಿ ಊದಲಿಕ್ಕೆ ಇಷ್ಟ ವರ್ಷ ದೇಶ ದೇಶ ತಿರುಗಬೇಕಿತ್ತೇನು?"

"ಪಿ.ಟಿ. ಮಾಸ್ತರಿಗೆ ಇನ್ಶೂರೆನ್ಸ್ ಇರುತ್ತೆ ಮಾವ. ಸಂಜೆ ಮನೆಗೆ ಬಂದು ಊಟ ಮಾಡ್ತಾರೆ. ಮಗಳ ಹೋಂವರ್ಕ್ ನೋಡ್ತಾರೆ."

"ಕ್ಯಾಂಪ್ ಆಗ್ಲಿ. ಆಮ್ಯಾಲೆ ನೋಡೋಣಂತ."

"ಕ್ಯಾಂಪ್ ಆಗೋದು ಜೂನಲ್ಲಿ. ಅವರು ಕಾಯಲ್ಲ."

ಋತ್ವಿಕ ತಟ್ಟೆಯಿಂದ ತಲೆ ಎತ್ತಲಿಲ್ಲ. ಎಡಗಾಲನ್ನು ಮೇಜಿನ ಕೆಳಗೆ ಉದ್ದಕ್ಕೆ ಚಾಚಿ ಕೂತಿದ್ದ. ಸಿಯಾ ಬಗ್ಗಿ ನೋಡಿದಳು.

"ಅಪ್ಪಾ, ಯುವರ್ ನೀ ಲುಕ್ಸ್ ಲೈಕ್ ಎ ಮ್ಯಾಂಗೋ."

"ಕೂತು ಉಣ್ಣು. ಮೊಣಕಾಲು ಮಾವಿನಹಣ್ಣಂತ" ಎಂದರು ಗೋದಾವರಿ.

ಸುಚೇತಾ ನಗಲಿಲ್ಲ. "ಸ್ಕ್ಯಾನ್ ನೋಡಿ ವೆಂಕಟಗಿರಿ ಅಂಕಲ್ ಏನು ಹೇಳಿದ್ರು?"

"ಊತ ಅದ ಅಂದ್ರು" ಎಂದರು ಜಯತೀರ್ಥ. "ಐಸ್ ಹಾಕ್ರಿ, ಮೆಲ್ಲಕ ಆಡಸ್ರಿ ಅಂದ್ರು."

"ಅಷ್ಟೇನಾ? ರಿಪೋರ್ಟ್ ಕಳಿಸಿಲ್ವಾ?"

"ಬಾಯಿಲೆ ಹೇಳ್ಯಾರ. ಅವರ ಮಾತಿಗೆ ಮತ್ತ ಕಾಗದ ಬೇಕೇನು?"

ಆ ಮನೆಯಲ್ಲಿ ಯಾರಿಗೆ ಏನೇ ಆದರೂ ಮೊದಲ ಫೋನು ಹ್ಯೂಸ್ಟನ್ನಿನ ಡಾಕ್ಟರ್ ವೆಂಕಟಗಿರಿಯವರಿಗೆ. ಅವರು ಮೂಳೆಯ ಡಾಕ್ಟರು, ಜಯತೀರ್ಥರ ಹಳೆಯ ಸ್ನೇಹಿತರು. ಋತ್ವಿಕನ ಸ್ಕ್ಯಾನನ್ನೂ ಅವರೇ ಏರ್ಪಾಡು ಮಾಡಿ, ನೋಡಿ, ಫಲಿತಾಂಶವನ್ನು ಹಿರಿಯರಾದ ಜಯತೀರ್ಥರಿಗೆ ಹೇಳಿದ್ದರು. "ನೀವೇ ಅವನಿಗೆ ತಿಳಿಸಿ. ತಂದೆಯ ಬಾಯಿಂದ ಬಂದರೆ ತಡೆದುಕೊಳ್ಳುತ್ತಾನೆ" ಎಂದಿದ್ದರು. ಬೇರೆ ಯಾವ ರೋಗಿಯ ವಿಷಯದಲ್ಲೂ ಅವರು ಹೀಗೆ ಮಾಡುತ್ತಿರಲಿಲ್ಲ. ಇವರು ಮನೆಯವರಂತೆ, ಆದ್ದರಿಂದ ಮಾಡಿದರು.

ಅವರು ಹೇಳಿದ್ದು ಊತದ ಮಾತಲ್ಲ. ತೊಡೆಯ ಮೂಳೆಗೂ ಕಾಲಿನ ಮೂಳೆಗೂ ನಡುವೆ ಇರುವ ಮೃದ್ವಸ್ಥಿ ಒಳಬದಿಯಲ್ಲಿ ಪೂರ್ತಿ ಸವೆದಿದೆ. ಮೂಳೆಗೆ ಮೂಳೆ ಉಜ್ಜುತ್ತಿದೆ. ಕೆಳಗಿನ ಮೂಳೆಯ ತಲೆಯಲ್ಲಿ ಸಣ್ಣ ಬಿರುಕು ಬಿಟ್ಟಿದೆ. ಹಾರಿ ಇಳಿಯುವಾಗ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಒಂದು ದಿನ ಆ ಮೂಳೆ ಕುಸಿಯುತ್ತದೆ. ಕುಸಿದ ಮೇಲೆ ಕೃತಕ ಕೀಲು ಕೂಡಿಸುವುದೂ ಕಷ್ಟ. ಈ ವಯಸ್ಸಿಗೇ ಕೋಲು ಹಿಡಿಯಬೇಕಾದೀತು. "ಆಡೋದು ಇವತ್ತಿಗೆ ನಿಲ್ಲಿಸಿ" ಎಂದಿದ್ದರು.

ಜಯತೀರ್ಥ ಆ ಮಾತನ್ನು ಕೇಳಿ, ಫೋನು ಇಟ್ಟು, ಹೊರಗೆ ಹೋಗಿ ಹುಲ್ಲಿಗೆ ನೀರು ಬಿಟ್ಟು ಬಂದಿದ್ದರು. ಗೋದಾವರಿ ಏನಂದರು ಎಂದು ಕೇಳಿದಾಗ ಬಾಯಿಗೆ ಬಂದದ್ದು ಊತ ಎಂಬ ಮಾತು. ಒಮ್ಮೆ ಹೇಳಿದ ಮೇಲೆ ಅದನ್ನೇ ಹೇಳುತ್ತ ಬಂದರು.

*

ವಾರದ ಐದು ದಿನ ತಂದೆ ಮಗ ಹತ್ತಿರದ ಊರಾದ ಫಾರ್ಮರ್ಸ್ ಬ್ರಾಂಚಿಗೆ ಹೋಗುತ್ತಿದ್ದರು. ಎಲ್‌ಬಿಜೆ ಹೆದ್ದಾರಿಯ ಪಕ್ಕದಲ್ಲಿ, ಜಯತೀರ್ಥ ನಿವೃತ್ತಿಯವರೆಗೆ ಕೆಲಸ ಮಾಡಿದ ಆಫೀಸುಗಳ ಸಾಲಿನಲ್ಲೇ, ಒಂದು ಗೋದಾಮನ್ನು ಬಾಸ್ಕೆಟ್‌ಬಾಲ್ ಜಿಮ್ಮಾಗಿ ಮಾಡಿದ್ದರು. ಋತ್ವಿಕ ಮೂರು ಪಾಯಿಂಟಿನ ಗೆರೆಯ ಸುತ್ತ ನಿಂತು ಚೆಂಡು ಎಸೆಯುವನು. ಜಯತೀರ್ಥ ಬುಟ್ಟಿಯ ಕೆಳಗೆ ನಿಂತು ಹಿಡಿದು ಹಿಂದಕ್ಕೆ ಕೊಡುವರು. ಈ ಕೆಲಸ ಅವರಿಗೆ ಹುಡುಗನ ಎಂಟನೆಯ ವಯಸ್ಸಿನಿಂದ ಅಭ್ಯಾಸ. ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಪಾಸ್ ಮಾಡುವುದನ್ನು ಬಿಟ್ಟು ಬೇರೆ ಏನನ್ನೂ ಅವರು ಆ ಆಟದಲ್ಲಿ ಕಲಿತಿರಲಿಲ್ಲ.

"ಹಾರಬ್ಯಾಡ. ನಿಂತು ಹೊಡಿ" ಎನ್ನುವರು ಈಗೀಗ.

"ನಿಂತು ಹೊಡ್ಯಾವ್ರನ್ನ ಯಾರ್ ತಗೋತಾರ ಅಪ್ಪಾ?"

"ಇವತ್ತಿನ ಮಟ್ಟಿಗೆ."

ಅವನು ಹಾರುತ್ತಿದ್ದ. ಇಳಿಯುವಾಗ ಬಲಗಾಲು ಮೊದಲು ನೆಲ ಮುಟ್ಟುತ್ತಿತ್ತು. ಎಡಗಾಲು ಆಮೇಲೆ, ಸುಮ್ಮನೆ ಜೊತೆಗೆ ಬಂದಂತೆ. ಜಯತೀರ್ಥ ಅದನ್ನು ನೋಡುತ್ತಿರಲಿಲ್ಲ. ಚೆಂಡನ್ನು ನೋಡುತ್ತಿದ್ದರು.

ಮನೆಯಲ್ಲಿ ಗೋದಾವರಿಗೆ ಐಸಿನದೇ ಕೆಲಸವಾಯಿತು. ಫ್ರೀಜರಿನಲ್ಲಿ ಹಪ್ಪಳದ ಹಿಟ್ಟು, ತುರಿದ ಕಾಯಿ, ಬಟಾಣಿ ಎಲ್ಲ ಒಂದು ಮೂಲೆಗೆ ಸರಿದು ಐಸಿನ ಚೀಲಗಳು ಕೂತವು. ಮಗ ಊಟಕ್ಕೆ ಚಕ್ಕಳಮಕ್ಕಳ ಕೂರುವುದಿಲ್ಲ, ದೇವರಿಗೆ ನಿಂತೇ ಕೈಮುಗಿಯುತ್ತಾನೆ, ನೋವಿನ ಗುಳಿಗೆಯನ್ನು ನೀರಿಲ್ಲದೆ ನುಂಗುತ್ತಾನೆ. ಅವರು ಎಳ್ಳೆಣ್ಣೆ ಬಿಸಿ ಮಾಡಿ ತಂದರೆ, "ಬ್ಯಾಡ ಅಮ್ಮ, ಮುಟ್ಟಬ್ಯಾಡ" ಎನ್ನುತ್ತಿದ್ದ.

"ಮೆಲ್ಲಕ ತಿಕ್ಕತೀನಿ."

"ಮುಟ್ಟಬ್ಯಾಡ ಅಂದೆ."

ಎಣ್ಣೆಯ ಬಟ್ಟಲು ದೇವರ ಮನೆಯ ಮುಂದೆ ಹಾಗೇ ಆರುತ್ತಿತ್ತು.

*

ಮೇ ಮಧ್ಯದಲ್ಲಿ ಪ್ಲೇನೋದಲ್ಲಿ ಅನೂಪ ಎಂಬ ಪರಿಚಯದ ಹುಡುಗನ ಮುಂಜಿ. ವೆಂಕಟಗಿರಿಯವರ ಹೆಂಡತಿ ಕುಮುದಾ ಹ್ಯೂಸ್ಟನ್ನಿನಿಂದ ಬಂದಿದ್ದರು, ಡಾಕ್ಟರಿಗೆ ಬಿಡುವಿರಲಿಲ್ಲ. ಊಟದ ಪಂಕ್ತಿಯಲ್ಲಿ ಕುಮುದಾ ಗೋದಾವರಿಯ ಪಕ್ಕ ಕೂತರು. ಕೋಸಂಬರಿ ಬಂತು, ಪಲ್ಯ ಬಂತು.

"ಪಾಪ, ಋತ್ವಿಕನಿಗೆ ಆಪರೇಷನ್ ಯಾವಾಗ ಇಟ್ಕೊಂಡಿದ್ದೀರಿ?" ಎಂದರು ಕುಮುದಾ.

"ಯಾವ ಆಪರೇಷನ್ರಿ?"

ಕುಮುದಾ ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಸರಿಸಿದರು. "ಅಲ್ಲ, ನಮ್ಮವರು ಹೇಳ್ತಿದ್ರು. ಅಷ್ಟು ಚಿಕ್ಕ ವಯಸ್ಸು, ಮಂಡಿ ಪೂರ್ತಿ ಹೋಗಿದೆ, ಆಟ ನಿಲ್ಲಿಸದಿದ್ರೆ ಮುಂದೆ ನಡೆಯೋದೂ ಕಷ್ಟ ಅಂತ. ಯಜಮಾನರಿಗೆ ಹೇಳಿದೀನಿ ಅಂದ್ರಲ್ಲ, ನಿಮಗೆ ಗೊತ್ತಿರುತ್ತೆ ಅಂತ..." ಅಲ್ಲಿಗೆ ನಿಲ್ಲಿಸಿ, ಬಡಿಸುವವರಿಗೆ, "ಇಲ್ಲಿ ಸ್ವಲ್ಪ ಸಾರು" ಎಂದರು.

ಗೋದಾವರಿ ಸಾರನ್ನ ಕಲಸಿದರು. ಅರ್ಧ ಉಂಡರು. ಪಂಕ್ತಿಯಲ್ಲಿ ನಡುವೆ ಏಳಬಾರದೆಂದು ಕೊನೆಯ ಮಜ್ಜಿಗೆಯವರೆಗೆ ಕೂತರು.

ಕಾರು ಹೆದ್ದಾರಿಗೆ ಸೇರಿದ ಮೇಲೆ ಕೇಳಿದರು.

"ವೆಂಕಟಗಿರಿಯವರು ನಿಮಗ ಏನ್ ಹೇಳಿದ್ರು?"

"ಯಾವಾಗ?"

"ಏನ್ರಿ, ನಾ ಕುಮುದಾನ ಬಾಯಿಲೆ ಕೇಳೀನಿ. ನೀವು ಹೇಳ್ರಿ ಈಗ."

ಜಯತೀರ್ಥ ಗಾಡಿಯ ವೇಗ ತಗ್ಗಿಸಿದರು. ಹಿಂದಿನ ಟ್ರಕ್ಕು ಹಾರ್ನ್ ಮಾಡಿ ಪಕ್ಕದಿಂದ ದಾಟಿತು. "ಹೇಳಿದ್ರು. ನಿಲ್ಲಸ್ರಿ ಅಂದ್ರು."

"ಮತ್ತ ದಿನಾ ಕರಕೊಂಡ ಹೋಗಿ ಕುಣಸ್ಲಿಕ್ಕತ್ತೀರಿ?"

"ಕ್ಯಾಂಪ್ ಒಂದ ಆಗ್ಲಿ ಗೋದಾ. ಆಮ್ಯಾಲೆ ನಾನೇ ಹೇಳ್ತೀನಿ. ಆಯ್ಕೆ ಆದ ಮ್ಯಾಲೆ ಅವನೇ ಬ್ಯಾಡಂದ ಅಂದ್ರ ಮರ್ಯಾದಿ ಇರ್ತದ. ಬೆಂಚಿನ ಮ್ಯಾಲೆ ಕೂತು ಮನೀಗೆ ಬಂದ ಅಂತ ಆಗಬಾರದು."

"ಯಾರ್ ಅಂತಾರ ಹಂಗ?"

ಅವರು ಕನ್ನಡಿಯಲ್ಲಿ ಹಿಂದಿನ ಗಾಡಿಗಳನ್ನು ನೋಡಿದರು.

"ಕಾಲು ಹೋದ್ರ ಮರ್ಯಾದಿ ಮ್ಯಾಲೆ ನಡೀತಾನೇನು?" ಎಂದರು ಗೋದಾವರಿ. "ನೀವು ಹೇಳ್ತೀರೋ, ನಾ ಹೇಳ್ಲೋ?"

"ನಾ ಹೇಳ್ತೀನಿ. ನಾಕ ದಿನ ಕೊಡು."

ನಾಲ್ಕು ದಿನ ಕಳೆಯಿತು. ಏಕಾದಶಿ ಬಂತು, ಅಂದು ಬೇಡ ಎಂದರು ಜಯತೀರ್ಥ. ಸಿಯಾಳ ಹುಟ್ಟುಹಬ್ಬ ಬಂತು. ಆ ವಾರ ಹುಡುಗನ ಮನಸ್ಸು ಕೆಡಿಸುವುದು ಬೇಡ ಎಂದು ಗೋದಾವರಿಗೇ ಅನಿಸಿತು. ಇಬ್ಬರೂ ಕಾದರು. ಇಬ್ಬರ ನಡುವೆ ಮಾತು ಕಡಿಮೆಯಾಯಿತು. ಗೋದಾವರಿ ಬಡಿಸುವರು, ಇವರು ಉಣ್ಣುವರು, ಸಾಕು ಎನ್ನಲು ಕೈ ಅಡ್ಡ ಹಿಡಿಯುವರು.

ತಿಂಗಳು ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಜಯತೀರ್ಥ ಗ್ಯಾರೇಜಿಗೆ ಹೋದಾಗ ಒಲೆ ಇರಲಿಲ್ಲ. ವೈರು ಸುತ್ತಿ ಕಸದ ಡಬ್ಬದ ಮೇಲೆ ಇಟ್ಟಿದ್ದು ಕಂಡಿತು. ಕಸದ ಗಾಡಿ ಬರುವ ದಿನ ಅದು. ಅವರು ಅದನ್ನು ಎತ್ತಿಕೊಂಡು ಒಳಗೆ ಬಂದರು. ಸ್ನಾನ ಮಾಡದೆ, ಮೊಟ್ಟೆಯ ಒಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತದ್ದು ಇದೇ ಮೊದಲು.

"ಇದೇನಿದು?"

"ಅದರ ಕೆಲಸ ಮುಗೀತು" ಎಂದರು ಗೋದಾವರಿ, ಒಗ್ಗರಣೆಗೆ ಸಾಸಿವೆ ಹಾಕುತ್ತ.

ಋತ್ವಿಕ ಮೇಜಿನ ಬಳಿ ಕೂತು ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದ. "ಏನಾತು?"

"ನಿಮ್ಮಪ್ಪನ್ನ ಕೇಳು."

ಜಯತೀರ್ಥ ಒಲೆಯನ್ನು ನೆಲದ ಮೇಲಿಟ್ಟರು. ಅದರ ವೈರನ್ನು ಮತ್ತೆ ಸುತ್ತತೊಡಗಿದರು.

ಗೋದಾವರಿ ಗ್ಯಾಸು ಆರಿಸಿದರು. "ನಾ ಹೇಳ್ತೀನಿ ಹಂಗಾದ್ರ. ಊತ ಅಲ್ಲ ಅದು. ಮೂಳಿ ಸವದದ. ಬಿರುಕು ಬಿಟ್ಟದ. ಆಡಬಾರದು ಅಂತ ಡಾಕ್ಟರು ಆವಾಗ್ಲೇ ಹೇಳ್ಯಾರ. ಇವರು ಮುಚ್ಚಿಟ್ರು. ಆಮ್ಯಾಲೆ ನನಗೂ ಗೊತ್ತಾತು, ನಾನೂ ಇಷ್ಟ ದಿನ ಸುಮ್ಮನಿದ್ದೆ."

ಋತ್ವಿಕ ಪಟ್ಟಿ ಸುತ್ತುವುದನ್ನು ನಿಲ್ಲಿಸಲಿಲ್ಲ. ತುದಿಯನ್ನು ಸಿಕ್ಕಿಸಿ, ಅಂಗೈಯಿಂದ ಒತ್ತಿ ನೋಡಿದ.

"ನನಗ ಗೊತ್ತದ ಅಮ್ಮ."

"ಯಾರ್ ಹೇಳಿದ್ರು?"

"ಯಾರ್ ಯಾಕ ಹೇಳಬೇಕು? ನನ್ನ ಕಾಲು. ಒಳಗ ಕರಕರ ಅನ್ನೋದು ನನಗ ಕೇಳಸ್ತದ."

"ಗೊತ್ತಿದ್ದೂ ಆಡ್ಲಿಕ್ಕತ್ತೀ?"

"ಮತ್ತೇನ್ ಮಾಡ್ಲಿ?" ಅವನ ದನಿ ಏರಲಿಲ್ಲ. "ಮುಂಜಾನೆ ಎದ್ದು ಏನ್ ಮಾಡ್ಬೇಕು ಅಂತ ಇದೊಂದ ಬಿಟ್ಟು ನನಗ ಯಾರೂ ಕಲಿಸಿಲ್ಲ. ಸೀಡರ್ ಪಾರ್ಕಿನ್ಯಾಗ ಸುಚೇತಾ ಕೆಲಸಕ್ಕ ಹೋಗ್ತಾಳ, ಸಿಯಾ ಸಾಲಿಗೆ ಹೋಗ್ತಾಳ. ನಾ ಸೋಫಾದ ಮ್ಯಾಲೆ ಕೂತು ಪಾತ್ರೆ ತೊಳಿಯೋ ಮಷೀನ್ ಯಾವಾಗ ನಿಲ್ತದ ಅಂತ ಕಾಯ್ತಿದ್ದೆ. ಅಪ್ಪ ಫೋನ್ ಮಾಡಿದ್ರು. ಬಂದೆ."

"ಹೋಗೂದು ಬ್ಯಾಡ" ಎಂದರು ಜಯತೀರ್ಥ. ಬಾಗಿಲಿನ ಚೌಕಟ್ಟು ಹಿಡಿದಿದ್ದರು. "ಹ್ಯೂಸ್ಟನ್ನಿಗೆ ಹೋಗೂದು ಬ್ಯಾಡ."

"ಈಗ ಬ್ಯಾಡ ಅಂತೀರೇನು?"

"ಬ್ಯಾಡ. ನನ್ನ ತಪ್ಪಾತು."

"ನಾ ಹೋಗ್ತೀನಿ. ನೀವು ಬರೂದಿದ್ರ ಬರ್ರಿ, ಇಲ್ಲಾಂದ್ರ ಬಿಡ್ರಿ."

ಗೋದಾವರಿ ಅಂದೇ ಸೊಸೆಗೆ ಫೋನು ಮಾಡಿ ಎಲ್ಲ ಹೇಳಿದರು. ಸುಚೇತಾ ಕೆಲಸದ ನಡುವೆ ಎದ್ದು ಹೊರಗೆ ಹೋಗಿ ಮಾತಾಡಿದಳು. ಹಿಂದೆ ವಾಹನಗಳ ಸದ್ದಿತ್ತು. ಗೋದಾವರಿ ಫೋನನ್ನು ಮಗನ ಕೈಗೆ ಕೊಟ್ಟರು.

"ನಿನ್ನ ಮಗಳನ್ನ ಎತ್ಕೊಂಡು ಎಷ್ಟು ದಿನ ಆಯ್ತು ಹೇಳು" ಎಂದಳು ಸುಚೇತಾ.

"ಸುಚೇತಾ, ಒಂದೇ ದಿನ. ಶನಿವಾರ ಮುಗೀತದ."

"ಎತ್ಕೋಳಕ್ಕಾಗುತ್ತಾ ಇನ್ನು ಮುಂದೆ? ಅದನ್ನ ಹೇಳು."

ಅವನು ಫೋನನ್ನು ತಾಯಿಗೆ ಹಿಂದಿರುಗಿಸಿದ.

*

ಶನಿವಾರ ತಂದೆ ಮಗ ನಲವತ್ತೈದನೆಯ ನಂಬರಿನ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರು. ಋತ್ವಿಕನೇ ಓಡಿಸಿದ; ಬಲಗಾಲಿಗೆ ಏನೂ ಆಗಿರಲಿಲ್ಲ. ಗೋದಾವರಿ ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿ ಜಯತೀರ್ಥರ ತೊಡೆಯ ಮೇಲೆ ಹ್ಯೂಸ್ಟನ್ನಿನವರೆಗೂ ಮುಚ್ಚಿಯೇ ಇತ್ತು.

ಕ್ಯಾಂಪು ಒಂದು ಚರ್ಚಿನ ಜಿಮ್ಮಿನಲ್ಲಿ. ಬಂದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಬೆಂಚುಗಳ ಮೇಲೆ ಅವರ ಗೆಳತಿಯರು, ತಮ್ಮಂದಿರು. ಜಯತೀರ್ಥ ಕೊನೆಯ ಸಾಲಿನಲ್ಲಿ ಕೂತರು. ಹಣೆಯ ಮೇಲೆ ಬೆಳಗಿನ ಗೋಪೀಚಂದನ ಒಣಗಿ ಬಿರಿದಿತ್ತು.

ಋತ್ವಿಕ ಚೆನ್ನಾಗಿ ಆಡಿದ. ಇಷ್ಟು ಚೆನ್ನಾಗಿ ಆಡಿದ್ದನ್ನು ಜಯತೀರ್ಥ ಹಲವು ವರ್ಷಗಳಲ್ಲಿ ನೋಡಿರಲಿಲ್ಲ. ಬೇರೆಯವರು ಓಡುವ ಕಡೆ ಇವನು ಓಡಲಿಲ್ಲ, ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ತಿಳಿದು ಅಲ್ಲಿ ನಿಂತಿರುತ್ತಿದ್ದ. ದೂರದಿಂದ ಎಸೆದ ಚೆಂಡುಗಳು ಒಂದರ ಹಿಂದೆ ಒಂದು ಒಳಗೆ ಹೋದವು. ಕೋಚು ಪಕ್ಕದವನಿಗೆ ಏನೋ ಹೇಳಿ ಋತ್ವಿಕನ ಕಡೆ ತೋರಿಸಿದ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಆ ಮುದುಕ ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು, ಮೆಚ್ಚುಗೆಯಿಂದಲೇ.

ಜಯತೀರ್ಥರ ಕೈಗೆ ಅಂದು ಕೆಲಸವಿರಲಿಲ್ಲ. ಚೆಂಡು ಹಿಡಿಯುವುದಿಲ್ಲ, ಕೊಡುವುದಿಲ್ಲ. ಕಣ್ಣು ತಾನಾಗಿ ಕೆಳಕ್ಕೆ ಇಳಿಯಿತು. ಮಗ ಹಾರಿದ, ಬಲಗಾಲ ಮೇಲೆ ಇಳಿದ. ಹಾರಿದ, ಇಳಿದ. ಮೂರನೆಯ ಪಂದ್ಯಕ್ಕೆ ಬಲಗಾಲು ದಣಿದಿತ್ತು. ಒಮ್ಮೆ ಎರಡೂ ಕಾಲಿನ ಮೇಲೆ ಇಳಿದ. ಎಡ ಮೊಣಕಾಲು ಒಳಕ್ಕೆ, ಇನ್ನೊಂದು ಮೊಣಕಾಲಿನ ಕಡೆಗೆ, ಕೀಲು ಸಡಿಲವಾದ ಬಾಗಿಲಿನಂತೆ ವಾಲಿತು. ಋತ್ವಿಕ ಸೊಂಟದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತ. ಮತ್ತೆ ಹೊರಟ.

ಜಯತೀರ್ಥ ಎದ್ದರು. ಬೆಂಚುಗಳ ನಡುವೆ ದಾರಿ ಕೇಳುತ್ತ ಕೆಳಗೆ ಇಳಿದರು. ಗೆರೆಯ ಹತ್ತಿರ ನಿಂತ ಸಹಾಯಕ ಕೈ ಅಡ್ಡ ಹಿಡಿದ. ಅದರ ಕೆಳಗೆ ಬಗ್ಗಿ ಆಟ ನಡೆಯುತ್ತಿದ್ದ ಕೋರ್ಟಿನ ಒಳಗೆ ನಡೆದರು. ಮೂಲೆಯಲ್ಲಿ ಋತ್ವಿಕನಿಗೆ ಪಾಸ್ ಬಂದಿತ್ತು. ಅವನು ಹಾರಿದ. ಚೆಂಡು ಕೈ ಬಿಟ್ಟಿತು. ಅವನು ಕೆಳಗೆ ಬಂದಾಗ ತಂದೆ ಎದುರಿಗೆ ನಿಂತು, ಎರಡೂ ಕೈ ಚಾಚಿ ಅವನ ಪಕ್ಕೆಗಳನ್ನು ಹಿಡಿದುಕೊಂಡಿದ್ದರು.

ಸೀಟಿ ಕೇಳಿಸಿತು. ಎಲ್ಲರೂ ನಿಂತರು.

"ಸರ್, ಹೊರಗೆ ಹೋಗಿ" ಎಂದು ಕೋಚು ಕೂಗಿದ.

ಜಯತೀರ್ಥ ಮಗನನ್ನು ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು: "ನಾನು ಇವನ ತಂದೆ. ಇವನ ಎಡ ಮೊಣಕಾಲಿನಲ್ಲಿ ಏನೂ ಉಳಿದಿಲ್ಲ. ಮೂಳೆ ಬಿರುಕು ಬಿಟ್ಟಿದೆ. ಡಾಕ್ಟರು ನನಗೆ ಹೇಳಿದ್ದರು. ನಾನು ಮುಚ್ಚಿಟ್ಟೆ."

ಹಿಂದೆ ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. ಕೋಚು ಹತ್ತಿರ ಬಂದು ಋತ್ವಿಕನನ್ನೇ ಕೇಳಿದ: "ನಿಜವೇ?"

ಋತ್ವಿಕ ತಂದೆಯ ನೆತ್ತಿಯ ಮೇಲಿನಿಂದ ಎಲ್ಲೋ ನೋಡುತ್ತಿದ್ದ. "ಯೆಸ್" ಎಂದ.

"ಹಾಗಾದರೆ ಶೂ ಬಿಚ್ಚು. ಕ್ಷಮಿಸು" ಎಂದು ಕೋಚು ಅವನ ಬೆನ್ನು ತಟ್ಟಿ, ಬೆಂಚಿನಿಂದ ಬೇರೊಬ್ಬನನ್ನು ಕರೆದ.

*

ಕಾರಿನ ಹತ್ತಿರ ಬರುವಷ್ಟರಲ್ಲಿ ಮೊಣಕಾಲು ಪಟ್ಟಿ ಬಿಗಿಯಾಗುವಷ್ಟು ಊದಿ, ಮಡಚಲು ಬಾರದಂತಾಯಿತು. ಋತ್ವಿಕ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು, ಬೆನ್ನನ್ನು ಒಂದು ಬಾಗಿಲಿಗೆ ಆನಿಸಿ, ಕಾಲನ್ನು ಇನ್ನೊಂದು ಬಾಗಿಲಿನವರೆಗೆ ಚಾಚಿದ. ಜಯತೀರ್ಥ ಓಡಿಸಿದರು.

"ಆಸ್ಟಿನ್ ಕಡೆ ಹೋಗ್ರಿ" ಎಂದ. ಬ್ರೆನಮ್ ದಾಟಿದ ಮೇಲೆ ಜಯತೀರ್ಥ, "ನೀರು ಬೇಕೇನು?" ಎಂದರು. ಎಲ್ಜಿನ್ ಹತ್ತಿರ, "ಎ.ಸಿ. ಹೆಚ್ಚಾತೇನು?" ಎಂದರು. ಎರಡು ಸಲವೂ ಋತ್ವಿಕ ಫೋನಿನಲ್ಲಿ ಏನೋ ಬರೆಯುತ್ತಿದ್ದ.

ಸೀಡರ್ ಪಾರ್ಕಿನ ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಸುಚೇತಾ ಬಾಗಿಲು ತೆರೆದು, ಮೊದಲು ಗಂಡನ ಕಾಲನ್ನು, ಆಮೇಲೆ ಮಾವನ ಮುಖವನ್ನು ನೋಡಿದಳು. ಪಕ್ಕಕ್ಕೆ ಸರಿದಳು.

ಮಲಗುವ ಕೋಣೆ ಮಹಡಿಯ ಮೇಲೆ. ಜಯತೀರ್ಥ ಬ್ಯಾಗನ್ನು ಕೆಳಗಿಟ್ಟು ಹೆಗಲು ಕೊಡಲು ಬಂದರು. ಋತ್ವಿಕ ಆ ಕೈಯನ್ನು ಮೆಲ್ಲಗೆ ದೂರ ಸರಿಸಿದ. ಮೊದಲ ಮೆಟ್ಟಿಲ ಮೇಲೆ, ಬಾಗಿಲಿಗೆ ಮುಖ ಮಾಡಿ ಕೂತ. ಅಂಗೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ, ಬಲಗಾಲಿನಿಂದ ಒತ್ತಿ, ಮೈಯನ್ನು ಮೇಲಕ್ಕೆ ಎಳೆದುಕೊಂಡ. ಎಡಗಾಲು ನೆಟ್ಟಗೆ ಮುಂದೆ ಚಾಚಿ ಹಿಂಬಾಲಿಸಿತು. ಸಿಯಾ ಓಡಿಬಂದು ನೋಡಿ, ಆಟವೆಂದುಕೊಂಡು, ಪಕ್ಕದಲ್ಲೇ ಅವನಂತೆಯೇ ಕೂತಳು.

"ರೆಡಿ? ನೆಕ್ಸ್ಟ್ ವನ್" ಎಂದಳು.

ತಂದೆ ಮಗಳು ಒಂದೊಂದೇ ಮೆಟ್ಟಿಲು ಕೂತುಕೊಂಡೇ ಏರಿದರು. ನಡುವೆ ಅವಳು ಕೆಳಗೆ ನೋಡಿ, "ಅಜ್ಜ, ಯೂ ಟೂ" ಎಂದಳು.

"ಅಜ್ಜ ಅಲ್ಲೇ ಇರ್ಲಿ" ಎಂದ ಋತ್ವಿಕ.

ಜಯತೀರ್ಥ ಅಲ್ಲೇ ನಿಂತರು.

ಸುಚೇತಾ ಮೊಸರನ್ನ ಕಲಸಿ ತಂದು ಅವರ ಮುಂದಿಟ್ಟಳು. ಅವರು ಕೈ ತೊಳೆದು ಬಂದು ಕೂತರು, ಆದರೆ ತಟ್ಟೆಗೆ ಕೈ ಹಾಕಲಿಲ್ಲ.

"ನಾನೇ ನಿಲ್ಲಿಸಿದೆ" ಎಂದರು. "ಕೋರ್ಟಿನೊಳಗ ಹೋಗಿ ಎಲ್ಲಾರ ಮುಂದ ಹೇಳಿದೆ."

"ಗೊತ್ತಾಯ್ತು ಮಾವ. ಕಾರಲ್ಲಿ ಬರ್ತಾ ಮೆಸೇಜ್ ಹಾಕಿದ್ದ."

"ಚೊಲೋ ಆಡ್ಲಿಕ್ಕತ್ತಿದ್ದ ಸುಚೇತಾ. ಅವರು ತಗೋತಿದ್ರು."

ಅವಳು ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತಳು. ಕೂರಲಿಲ್ಲ.

"ಸಾಲಿಯವರಿಗೆ ನಾಳೆ ಫೋನ್ ಮಾಡಸೋಣ" ಎಂದರು ಜಯತೀರ್ಥ. "ಆ ಮಾಸ್ತರ ಕೆಲಸಕ್ಕ. ನಾ ಬೇಕಾದ್ರ ಹೋಗಿ ಮಾತಾಡ್ತೀನಿ."

"ಆ ಕೆಲಸ ಇಲ್ಲ ಮಾವ. ಬೇಡ ಅಂತ ಗುರುವಾರನೇ ಅವರಿಗೆ ಬರೆದುಬಿಟ್ಟ. ಕ್ಯಾಂಪಿಗೆ ಹೋಗೋನು, ಎರಡು ದೋಣಿ ಬೇಡ ಅಂದ. ನಿನ್ನೆ ಅವರು ಬೇರೆ ಯಾರನ್ನೋ ತಗೊಂಡ್ರಂತೆ."

ಜಯತೀರ್ಥ ತಟ್ಟೆಯ ಅಂಚನ್ನು ನೋಡಿದರು.

"ಊಟ ಮಾಡಿ" ಎಂದಳು ಸುಚೇತಾ. ನೀರಿನ ಲೋಟ ಮುಂದಿಟ್ಟು, "ಅತ್ತೆಗೆ ನೀವೇ ಫೋನ್ ಮಾಡಿ. ಕಾಯ್ತಾ ಇರ್ತಾರೆ" ಎಂದು ಮೇಲೆ ಹೋದಳು.

ಅವರು ಗೋದಾವರಿಗೆ ಫೋನು ಮಾಡಿದರು. ಆ ಕಡೆಯಿಂದ ಮೊದಲು ಬಂದ ಮಾತು, "ನಡೀಲಿಕ್ಕತ್ತಾನೇನು?" ಎಂದು. "ಇವತ್ತ ಇಲ್ಲ. ನಡೀತಾನ" ಎಂದರು. ಗೋದಾವರಿ ಬೇರೇನೂ ಕೇಳದೆ ಅತ್ತರು. ಅವರು ಫೋನನ್ನು ಕಿವಿಗೆ ಹಿಡಿದುಕೊಂಡು, ಅಳು ಮುಗಿಯುವವರೆಗೆ ನಿಂತಿದ್ದರು.

ಮೇಲಿನಿಂದ ಸುಚೇತಾ ಐಸು ಬೇಕೆಂದು ಕೂಗಿದಳು. ಜಯತೀರ್ಥ ಫ್ರೀಜರು ತೆರೆದು, ಚೀಲಕ್ಕೆ ತುಂಬಿ, ಒಂದು ಟವೆಲು ಸುತ್ತಿ ಮೆಟ್ಟಿಲು ಹತ್ತಿದರು. ಋತ್ವಿಕ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕಾಲು ಎರಡು ದಿಂಬುಗಳ ಮೇಲಿತ್ತು. ಸುಚೇತಾ ಸಿಯಾಳನ್ನು ಸ್ನಾನಕ್ಕೆ ಕರೆದುಕೊಂಡು ಹೋದಳು. ಜಯತೀರ್ಥ ಬಾಗಿಲಲ್ಲೇ ನಿಂತರು. ಚೀಲದಿಂದ ನೀರು ಜಿನುಗಿ ಟವೆಲು ತೊಯ್ಯುತ್ತಿತ್ತು.

"ಅಪ್ಪಾ."

"ಹೂಂ."

"ಕೊನೇ ಶಾಟು. ಮೂಲಿಯಿಂದ ಹೊಡದೆನಲ್ಲ." ಋತ್ವಿಕ ಕಿಟಕಿಯ ಕಡೆ ನೋಡುತ್ತಿದ್ದ. "ನೀವು ಅಡ್ಡ ಬಂದ್ರಿ, ನನಗ ಕಾಣ್ಲಿಲ್ಲ. ಒಳಗ ಹೋತೇನು?"

ಜಯತೀರ್ಥ ಬಾಯಿ ತೆರೆದರು. ಹೋಯಿತು ಎಂದುಬಿಡುವುದು ಸುಲಭವಿತ್ತು.

"ನಾ ಚೆಂಡ ನೋಡ್ಲಿಲ್ಲ" ಎಂದರು. "ನಿನ್ನ ಕಾಲ ನೋಡ್ಲಿಕ್ಕತ್ತಿದ್ದೆ."

ಋತ್ವಿಕ ಕಿಟಕಿಯಿಂದ ಕಣ್ಣು ತೆಗೆದು ತಂದೆಯ ಕಡೆ ನೋಡಿದ. ಆಮೇಲೆ ಎರಡೂ ಕೈಯಿಂದ ಎಡ ತೊಡೆಯನ್ನು ಹಿಡಿದು, ಕಾಲನ್ನು ಒಂದಿಷ್ಟು ಒಳಕ್ಕೆ ಸರಿಸಿ, ಹಾಸಿಗೆಯ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದ.